ಚೌಕಟ್ಟಿನಾಚೆ ನೋಡುವ ನಾಯಿ

ಸಿನಿಮಾ ಮುಗಿಯಲು ಇನ್ನು ಹತ್ತು ನಿಮಿಷ. ತೆರೆಯ ಮೇಲೆ ಹಿಮ ಸುರಿಯುತ್ತಿದೆ. ಕಳೆದುಹೋಗಿದ್ದ ನಾಯಿ ಕುಂಟುತ್ತ ಬಂದು ಮನೆಯ ಮೆಟ್ಟಿಲ ಮೇಲೆ ನಿಂತಿದೆ. ಬಾಗಿಲು ತೆರೆದು ಒಳಗಿನ ಹಳದಿ ಬೆಳಕು ಹಿಮದ ಮೇಲೆ ಚೆಲ್ಲುತ್ತದೆ. ಹುಡುಗಿ ಮಂಡಿಯೂರುತ್ತಾಳೆ. ನಾಯಿ ಮುಖವೆತ್ತಿ ಒಂದು ನೋಟ ನೋಡುತ್ತದೆ. ಅಷ್ಟು ಹೊತ್ತು ಮಂದವಾಗಿ ನುಡಿಯುತ್ತಿದ್ದ ಪಿಟೀಲುಗಳೆಲ್ಲ ಒಮ್ಮೆಲೇ ಮೇಲೇಳುತ್ತವೆ. ನನ್ನ ಗಂಟಲು ಕಟ್ಟಿತ್ತು. ಕಣ್ಣೊರೆಸಿಕೊಳ್ಳಲು ಹೊದಿಕೆಯ ತುದಿ ಹುಡುಕುತ್ತಿದ್ದೆ.

ಪಕ್ಕದಲ್ಲಿ ಕಾಲು ಮಡಚಿ ಕೂತಿದ್ದ ಒಂಬತ್ತು ವರ್ಷದ ಮಗಳು ತಣ್ಣಗೆ ಅಂದಳು: "ಅಮ್ಮಾ, ಅದು ಅವಳನ್ನ ನೋಡ್ತಾನೇ ಇಲ್ಲ."

"ಸುಮ್ನಿರೇ ಸ್ವಲ್ಪ."

"ಇಲ್ಲಮ್ಮಾ, ಸರಿಯಾಗಿ ನೋಡು. ಬೇರೆ ಯಾರನ್ನೋ ನೋಡ್ತಿದೆ."

ರಿಮೋಟು ಅವಳ ಕೈಯಲ್ಲೇ ಇತ್ತು. ನಾನು ಬೇಡ ಬೇಡ ಅನ್ನುವಷ್ಟರಲ್ಲಿ ಹಿಂದಕ್ಕೆ ಓಡಿಸಿದಳು. ಮತ್ತೆ ಬಾಗಿಲು, ಮತ್ತೆ ಹಳದಿ ಬೆಳಕು, ಮತ್ತೆ ಆ ನೋಟ. ಅವಳು ಹೇಳಿದ್ದು ನಿಜ. ನಾಯಿಯ ಕಣ್ಣು ಹುಡುಗಿಯ ಮುಖದ ಮೇಲೆ ಇರಲಿಲ್ಲ. ಅವಳ ಬಲಗಿವಿಯಿಂದ ಒಂದು ಗೇಣು ಆಚೆ, ಸ್ವಲ್ಪ ಮೇಲಕ್ಕೆ, ನೆಟ್ಟ ದೃಷ್ಟಿಯಲ್ಲಿ ಅದು ಯಾರನ್ನೋ ನೋಡುತ್ತಿತ್ತು. ಕಿವಿ ಮುಂದಕ್ಕೆ ನಿಮಿರಿತ್ತು. ಬಾಯಿ ಒಂದಿಷ್ಟೇ ತೆರೆದಿತ್ತು. ಅಷ್ಟು ತೀವ್ರವಾಗಿ, ಅಷ್ಟು ನಂಬಿಕೆಯಿಂದ ನೋಡುವಂಥವರು ಆ ಚೌಕಟ್ಟಿನೊಳಗೆ ಯಾರೂ ಇರಲಿಲ್ಲ.

ಒಮ್ಮೆ ಕಂಡ ಮೇಲೆ ಕಾಣದಂತೆ ಮಾಡಿಕೊಳ್ಳುವುದು ಸಾಧ್ಯವಿಲ್ಲ. ಉಳಿದ ಹತ್ತು ನಿಮಿಷ ನಾನು ಅಳಲೇ ಇಲ್ಲ.

ಸಿನಿಮಾದ ಹೆಸರು ಮುಖ್ಯವಲ್ಲ. ಡಿಸೆಂಬರ್ ಬಂತೆಂದರೆ ಇಂಥವು ಹತ್ತಾರು ಬರುತ್ತವೆ, ನಾನು ತಪ್ಪದೆ ನೋಡುತ್ತೇನೆ. ಇವುಗಳ ಕತೆ ಹೇಳಿಬಿಟ್ಟರೆ ಗುಟ್ಟು ರಟ್ಟಾದಂತೇನೂ ಆಗುವುದಿಲ್ಲ. ಮನೆಯಲ್ಲಿ ಒಬ್ಬರು ಕಡಿಮೆಯಾಗಿರುತ್ತಾರೆ, ತಾಯಿಯೋ ಅಜ್ಜನೋ ತೀರಿಕೊಂಡಿರುತ್ತಾರೆ. ಉಳಿದವರು ಒಬ್ಬರಿಗೊಬ್ಬರು ಮುಖ ಕೊಟ್ಟು ಮಾತಾಡುವುದನ್ನು ಬಿಟ್ಟಿರುತ್ತಾರೆ. ಹಬ್ಬಕ್ಕೆ ವಾರವಿರುವಾಗ ಯಾರಿಗೂ ಬೇಡವಾದ ನಾಯಿಯೊಂದು ಒಳಗೆ ಬಂದು ಸೋಫಾ ಹರಿಯುತ್ತದೆ, ಅಲಂಕರಿಸಿದ ಕ್ರಿಸ್‌ಮಸ್ ಮರವನ್ನು ಕೆಡವುತ್ತದೆ, ಮನೆ ಯಜಮಾನನ ಕೈಲಿ ಬೈಸಿಕೊಳ್ಳುತ್ತದೆ, ಒಂದು ರಾತ್ರಿ ಕಳೆದುಹೋಗುತ್ತದೆ. ಅದನ್ನು ಹುಡುಕುವ ನೆಪದಲ್ಲಿ ಮನೆಯವರು ಒಬ್ಬರಿಗೊಬ್ಬರು ಸಿಗುತ್ತಾರೆ. ಕೊನೆಗೆ ಬಾಗಿಲು, ಹಳದಿ ಬೆಳಕು. ಇದರಲ್ಲಿ ನಗುವಂಥದ್ದು ಬಹಳವಿದೆ ಅಂತ ನನಗೂ ಗೊತ್ತು. ಆದರೂ ಪ್ರತಿ ಸಲ ಅಳುತ್ತೇನೆ. ನನಗೆ ಆ ಅಳುವಿನ ಮೇಲೆ ಒಂದು ಹಕ್ಕಿದೆ ಅಂದುಕೊಂಡಿದ್ದೆ. ಯಾಕೆಂದರೆ ಚಿಕ್ಕವಳಿದ್ದಾಗ ನನಗೂ ಒಂದು ನಾಯಿಯಿತ್ತು. ಜಿಮ್ಮಿ.

ಸಾಕ್ಷಿಗೆ ಒಂದು ಫೋಟೋ ಇದೆ. ಅಂಗಳದಲ್ಲಿ ಮಗ್ಗುಲಿಗೆ ಮಗ್ಗುಲು ತಾಗಿಸಿಕೊಂಡು ನಾನೂ ಜಿಮ್ಮಿಯೂ ಕೂತಿದ್ದೇವೆ. ನನ್ನ ಕೈ ಅದರ ಕುತ್ತಿಗೆಯ ಸುತ್ತ. ಸಂಜೆಬಿಸಿಲು ಮುಖಕ್ಕೆ ಹೊಡೆದು ನನ್ನ ಕಣ್ಣು ಅರ್ಧ ಮುಚ್ಚಿದೆ. ಜಿಮ್ಮಿ ಮಾತ್ರ ಕಣ್ಣರಳಿಸಿ ನೇರ ನೋಡುತ್ತಿದೆ. ಮಗಳಿಗೆ ಆ ಫೋಟೋ ತೋರಿಸಿ "ನೋಡು, ಇದು ನನ್ನ ನಾಯಿ, ನಾನಂದ್ರೆ ಪ್ರಾಣ ಅದಕ್ಕೆ" ಅಂತ ಎಷ್ಟು ಸಲ ಹೇಳಿದ್ದೇನೋ.

ಆ ರಾತ್ರಿ ಅವಳು ಮಲಗಿದ ಮೇಲೆ ತೆರೆಯ ಮೇಲಿನ ಪ್ರಾಣಿಗಳನ್ನು ಹೇಗೆ ನಟಿಸುವಂತೆ ಮಾಡುತ್ತಾರೆ ಅಂತ ಓದುತ್ತ ಕೂತೆ. ಗೊತ್ತಿದ್ದ ಸಂಗತಿಯೇ, ಆದರೆ ಬಿಡಿಸಿ ನೋಡಿರಲಿಲ್ಲ. ನಾಯಿ ನಟಿಸುವುದಿಲ್ಲ. ಅದಕ್ಕೆ ಕತೆ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಹತ್ತಿಪ್ಪತ್ತು ಕೆಲಸಗಳು: ನೆಲದ ಮೇಲಿನ ಗುರುತಿನ ತನಕ ನಡೆದುಹೋಗಿ ನಿಲ್ಲುವುದು, ಮಲಗುವುದು, ತೆವಳುವುದು, ಕಾಲೆತ್ತಿಕೊಂಡು ಕುಂಟುವುದು, ಒಂದು ವಸ್ತುವನ್ನು ಕಚ್ಚಿ ತರುವುದು, ಹೇಳಿದಾಗ ಬೊಗಳುವುದು. ಇವನ್ನು ವಾರಗಟ್ಟಲೆ, ತಿಂಗಳುಗಟ್ಟಲೆ, ಚೂರು ಚೂರಾಗಿ ಕಲಿಸಿರುತ್ತಾರೆ. ಸರಿ ಮಾಡಿದ ಕ್ಷಣದಲ್ಲೇ ಕ್ಲಿಕ್ಕರ್ ಅನ್ನುವ ಪುಟ್ಟ ಸಾಧನ ಟಕ್ ಅನ್ನಬೇಕು, ಕೂಡಲೇ ತಿನ್ನಲು ಏನಾದರೂ ಸಿಗಬೇಕು. ಒಂದು ಕ್ಷಣ ತಡವಾದರೂ ನಾಯಿ ಬೇರೇನನ್ನೋ ಕಲಿತುಬಿಡುತ್ತದೆ. ನಾಯಿ ನಾಯಕನ ಮುಖವನ್ನೆಲ್ಲ ನೆಕ್ಕಿ ಮುದ್ದಿಸುವ ದೃಶ್ಯ ಬಂದರೆ, ಅವನ ಕೆನ್ನೆಗೆ ಏನಾದರೂ ರುಚಿಯಾದದ್ದನ್ನು ಸವರಿರುತ್ತಾರೆ ಅಂತ ತಿಳಿಯಬೇಕು. ಅದು ನಾಯಕನ ಮುಖವನ್ನೇ ದಿಟ್ಟಿಸುವ ದೃಶ್ಯ ಬಂದರೆ, ಟ್ರೇನರ್ ಆ ನಾಯಕನ ಬೆನ್ನ ಹಿಂದೆ, ಆದಷ್ಟೂ ಅವನ ತಲೆಗೆ ಹತ್ತಿರದಲ್ಲಿ, ಕ್ಯಾಮೆರಾಗೆ ಸಿಗದ ಹಾಗೆ ನಿಂತಿರುತ್ತಾನೆ. ಒಂದು ಗೇಣು ಅತ್ತ ಸರಿದನೋ, ನನ್ನ ಮಗಳಂಥವರ ಕಣ್ಣಿಗೆ ಬೀಳುತ್ತಾನೆ.

ಇನ್ನು ತೆರೆಯ ಮೇಲೆ ನಾವು ಪ್ರೀತಿಸುವ 'ಆ' ನಾಯಿ ಅನ್ನುವುದೂ ಒಂದೇ ನಾಯಿಯಲ್ಲ. ಓಡುವುದಕ್ಕೊಂದು, ಸುಮ್ಮನೆ ಮಲಗುವುದಕ್ಕೊಂದು, ಈಜುವುದಕ್ಕೊಂದು. ಮರಿಗಳ ಕತೆಯಾದರಂತೂ ಕೇಳುವುದೇ ಬೇಡ, ಶೂಟಿಂಗ್ ಮುಗಿಯುವಷ್ಟರಲ್ಲಿ ಮರಿ ದೊಡ್ಡದಾಗಿಬಿಟ್ಟಿರುತ್ತದೆ. 1995ರ 'ಬೇಬ್' ಚಿತ್ರದ ಒಂದೇ ಒಂದು ಹಂದಿಮರಿಯ ಪಾತ್ರಕ್ಕೆ 48 ಮರಿಗಳು ಬೇಕಾದವು. 1943ರ 'ಲ್ಯಾಸಿ ಕಮ್ ಹೋಮ್' ಚಿತ್ರದ ಲ್ಯಾಸಿ ಹೆಣ್ಣುನಾಯಿ, ಪಾತ್ರ ಮಾಡಿದ ಪಾಲ್ ಗಂಡುನಾಯಿ. ಲ್ಯಾಸಿಯ ತಳಿಯಾದ ಕಾಲಿ ನಾಯಿಗಳಲ್ಲಿ ಗಂಡಿನ ಮೈ ಕೂದಲು ಹೆಣ್ಣಿನಷ್ಟು ಉದುರುವುದಿಲ್ಲ, ಕ್ಯಾಮೆರಾಗೆ ತುಂಬಿಕೊಂಡು ಕಾಣುತ್ತದೆ. ಸಾಂತಾಕ್ಲಾಸನ ಬಂಡಿ ಎಳೆಯುವ ಹಿಮಸಾರಂಗಗಳ ಕತೆ ಇದಕ್ಕೆ ತಿರುಗುಮುರುಗು. ವಯಸ್ಸಿಗೆ ಬಂದ ಗಂಡು ಹಿಮಸಾರಂಗಗಳ ಕೊಂಬು ಸಾಮಾನ್ಯವಾಗಿ ಚಳಿಗಾಲದ ಮೊದಲಲ್ಲೇ ಉದುರಿಹೋಗುತ್ತದೆ, ಹೆಣ್ಣುಗಳದ್ದು ವಸಂತದವರೆಗೂ ಇರುತ್ತದೆ. ಹಾಗಾಗಿ ಡಿಸೆಂಬರ್ ಕೊನೆಯಲ್ಲಿ ಅಷ್ಟು ದೊಡ್ಡ ಕೊಂಬು ಹೊತ್ತು ಆಕಾಶದಲ್ಲಿ ಓಡುವವು ಹೆಣ್ಣುಗಳೇ ಇರಬೇಕು. ಮಗಳಿಗೆ ಇದನ್ನು ಹೇಳಿದಾಗ ಆದಷ್ಟು ಖುಷಿ ಅವಳಿಗೆ ಇಡೀ ಸಿನಿಮಾ ನೋಡಿ ಆಗಿರಲಿಲ್ಲ.

ಹಿಮವೂ ಹಿಮವಲ್ಲ. ಹಳೆಯ ಕಾಲದಲ್ಲಿ ಕಾರ್ನ್‌ಫ್ಲೇಕ್ಸ್‌ಗೆ ಬಿಳಿ ಬಣ್ಣ ಹಚ್ಚಿ ಚೆಲ್ಲುತ್ತಿದ್ದರಂತೆ. ಕಾಲಿಟ್ಟರೆ ಕರಕರ ಸದ್ದು, ಮಾತೇ ಕೇಳುತ್ತಿರಲಿಲ್ಲ, ಆಮೇಲೆ ಕೂತು ಡಬ್ಬಿಂಗ್ ಮಾಡಬೇಕಾಗುತ್ತಿತ್ತು. ಕಾರ್ನ್‌ಫ್ಲೇಕ್ಸ್ ಹಾಸಿದ ನೆಲದ ಮೇಲೆ ನಾಯಿಯನ್ನು ನಡೆಸಿ, ತಿನ್ನದ ಹಾಗೆ ನೋಡಿಕೊಂಡವರ ತಾಳ್ಮೆಯನ್ನು ಮೆಚ್ಚಬೇಕು.

ಹಾಗಾದರೆ ನಾನು ಅತ್ತದ್ದು ಯಾವುದಕ್ಕೆ?

ಸಿನಿಮಾ ಓದಿದವರಿಗೆ ಇದಕ್ಕೆ ಉತ್ತರ ಬಾಯಿಪಾಠ. ಸುಮಾರು ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೋವ್ ಒಂದು ಪ್ರಯೋಗ ಮಾಡಿದ. ಇವಾನ್ ಮೊಜ್ಜುಖಿನ್ ಅನ್ನುವ ನಟನ ಭಾವವೇ ಇಲ್ಲದ ಒಂದು ಮುಖದ ಶಾಟ್ ತೆಗೆದುಕೊಂಡು, ಅದರ ಪಕ್ಕಕ್ಕೆ ಒಂದು ಸಲ ಸೂಪಿನ ಬಟ್ಟಲು, ಒಂದು ಸಲ ಶವಪೆಟ್ಟಿಗೆ, ಒಂದು ಸಲ ಹೆಣ್ಣೊಬ್ಬಳ ಶಾಟ್ ಅಂಟಿಸಿದ. ನೋಡಿದವರು ನಟನ ಹಸಿವನ್ನು, ದುಃಖವನ್ನು, ಆಸೆಯನ್ನು ಹೊಗಳಿದರು ಅಂತ ಕತೆ. ಮುಖ ಮಾತ್ರ ಅದೇ. ನಾಯಿಯ ಮುಖ ಈ ಕೆಲಸಕ್ಕೆ ಹೇಳಿಮಾಡಿಸಿದ್ದು. ಅದರ ಪಕ್ಕಕ್ಕೆ ಖಾಲಿ ಕುರ್ಚಿ ಇಡಿ, ಅಗಲಿಕೆ ಕಾಣುತ್ತದೆ. ಸೂಟ್‌ಕೇಸ್ ಇಡಿ, ಆತಂಕ. ಹಿಮದಲ್ಲಿ ಮಂಡಿಯೂರಿದ ಹುಡುಗಿಯನ್ನು ಇಡಿ, ನನ್ನಂಥವಳು ಹೊದಿಕೆಯ ತುದಿ ಹುಡುಕುತ್ತಾಳೆ. ಪಾಪ, ಅದು ನೋಡುತ್ತಿದ್ದದ್ದು ಬಹುಶಃ ಒಂದು ತುಂಡು ಮಾಂಸವನ್ನು.

ಸಿನಿಮಾದಲ್ಲಷ್ಟೇ ಅಲ್ಲ, ಮನೆಯಲ್ಲೂ ನಾವು ಹೀಗೇ ಎಡಿಟಿಂಗ್ ಮಾಡುತ್ತಿರುತ್ತೇವೆ. ಚಪ್ಪಲಿ ಕಚ್ಚಿ ಹಾಕಿದ ನಾಯಿ ತಲೆ ತಗ್ಗಿಸಿ, ಓರೆಗಣ್ಣಲ್ಲಿ ನೋಡುತ್ತ, ಕಿವಿ ಹಿಂದಕ್ಕೆ ಮಡಚಿಕೊಂಡರೆ "ನೋಡು, ತಪ್ಪು ಮಾಡಿದೀನಿ ಅಂತ ಅದಕ್ಕೆ ಗೊತ್ತು" ಅನ್ನದವರು ಯಾರು? ಅಲೆಕ್ಸಾಂಡ್ರಾ ಹೊರೊವಿಟ್ಜ್ ಅನ್ನುವ ವಿಜ್ಞಾನಿ 2009ರಲ್ಲಿ 14 ನಾಯಿಗಳ ಜೊತೆ ಇದನ್ನು ಪರೀಕ್ಷಿಸಿ ನೋಡಿದರು. ಯಜಮಾನರು ತಿನ್ನಬೇಡ ಅಂತ ಹೇಳಿ ಹೊರಗೆ ಹೋಗುತ್ತಿದ್ದರು. ನಾಯಿ ನಿಜಕ್ಕೂ ತಿಂದಿತೋ ಇಲ್ಲವೋ ಅನ್ನುವ ಬಗ್ಗೆ ಯಜಮಾನರಿಗೆ ಕೆಲವು ಸಲ ಸುಳ್ಳು ಹೇಳಿ ಒಳಗೆ ಕಳಿಸುತ್ತಿದ್ದರು. ಆ ತಪ್ಪಿತಸ್ಥ ಮುಖ ಬಂದದ್ದು ತಿಂದ ನಾಯಿಗಳಲ್ಲಿ ಅಲ್ಲ, ಬೈಸಿಕೊಂಡ ನಾಯಿಗಳಲ್ಲಿ. ಏನೂ ತಿನ್ನದೆ ಸುಮ್ಮನೆ ಬೈಸಿಕೊಂಡವು ಎಲ್ಲಕ್ಕಿಂತ ಹೆಚ್ಚು ತಪ್ಪಿತಸ್ಥರಂತೆ ಕಂಡವು. ಅಂದರೆ ಅವು ನಮ್ಮ ಮುಖವನ್ನು ಸರಿಯಾಗಿ ಓದಿದವು, ನಾವು ಅವುಗಳದ್ದನ್ನು ತಪ್ಪಾಗಿ ಓದಿದೆವು.

ಇದನ್ನು ಓದುವಾಗ ಬರ್ಲಿನ್ನಿನ ಹಾನ್ಸ್ ಕುದುರೆ ನೆನಪಾಯಿತು. ಕಳೆದ ಶತಮಾನದ ಮೊದಲಲ್ಲಿ ಕೂಡುವ ಕಳೆಯುವ ಲೆಕ್ಕಕ್ಕೆ ಗೊರಸು ಕುಟ್ಟಿ ಉತ್ತರ ಹೇಳುತ್ತಿದ್ದ ಕುದುರೆ. ಆಸ್ಕರ್ ಫುಂಗ್ಸ್ಟ್ ಅನ್ನುವವನು 1907ರಲ್ಲಿ ಅದರ ಗುಟ್ಟು ಹಿಡಿದ. ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ ಹಾನ್ಸ್‌ಗೂ ಗೊತ್ತಾಗುತ್ತಿರಲಿಲ್ಲ. ಸರಿಯಾದ ಸಂಖ್ಯೆ ಬಂದ ಕೂಡಲೇ ಎದುರಿಗಿದ್ದವನ ತಲೆ ಗೊತ್ತಿಲ್ಲದೆಯೇ ಕೂದಲೆಳೆಯಷ್ಟು ಅಲುಗುತ್ತಿತ್ತು, ಹಾನ್ಸ್ ಕುಟ್ಟುವುದನ್ನು ಅಲ್ಲಿಗೇ ನಿಲ್ಲಿಸುತ್ತಿತ್ತು. ಇದನ್ನು ಕುದುರೆಯ ಮೋಸ ಬಯಲಾದ ಕತೆ ಅಂತ ಹೇಳುವವರೇ ಹೆಚ್ಚು. ನನಗೆ ಹಾಗನಿಸುವುದಿಲ್ಲ. ಇಷ್ಟು ವರ್ಷ ಜೊತೆಗಿದ್ದ ಮನುಷ್ಯರಲ್ಲಿ ಎಷ್ಟು ಜನ ನನ್ನನ್ನು ಅಷ್ಟು ಗಮನಕೊಟ್ಟು ನೋಡಿದ್ದಾರೆ ಅಂತ ಎಣಿಸಲು ಒಂದು ಕೈ ಬೆರಳು ಸಾಕು.

ಹಾಗಂತ ಎಲ್ಲವೂ ಮಾಂಸದ ತುಂಡಿಗಾಗಿ ಅಂತ ತೀರ್ಮಾನಿಸಿ ಎದ್ದುಹೋಗಲೂ ಆಗುವುದಿಲ್ಲ. 2015ರಲ್ಲಿ ಜಪಾನಿನ ವಿಜ್ಞಾನಿಗಳು ನಾಯಿ ಮತ್ತು ಅದರ ಯಜಮಾನ ಒಬ್ಬರ ಕಣ್ಣನ್ನೊಬ್ಬರು ನೋಡುತ್ತ ಕೂತಾಗ ಇಬ್ಬರ ಮೈಯಲ್ಲೂ ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಏರುತ್ತದೆ ಅಂತ ತೋರಿಸಿದರು. ಹೆತ್ತವಳು ಮಗುವಿನ ಕಣ್ಣು ನೋಡುವಾಗ ಏರುತ್ತದಲ್ಲ, ಅದೇ. ಮನುಷ್ಯರೇ ಸಾಕಿದ ತೋಳಗಳಲ್ಲಿ ಹಾಗಾಗಲಿಲ್ಲ, ತೋಳಗಳು ಅಷ್ಟು ಹೊತ್ತು ಕಣ್ಣಲ್ಲಿ ಕಣ್ಣಿಡಲೂ ಇಲ್ಲ. 2019ರ ಇನ್ನೊಂದು ಅಧ್ಯಯನದಲ್ಲಿ ನಾಯಿಯ ಒಳಹುಬ್ಬನ್ನು ಮೇಲೆತ್ತುವ ಒಂದು ಪುಟ್ಟ ಸ್ನಾಯು ಸಿಕ್ಕಿತು. ತೋಳದಲ್ಲಿ ಆ ಜಾಗದಲ್ಲಿ ನಾಲ್ಕಾರು ಎಳೆಗಳಷ್ಟೇ. ಹುಬ್ಬು ಮೇಲೇರಿದರೆ ಕಣ್ಣು ದೊಡ್ಡದಾಗಿ, ಮಗುವಿನದ್ದರಂತೆ, ಸ್ವಲ್ಪ ದುಃಖದಲ್ಲಿದ್ದಂತೆ ಕಾಣುತ್ತದೆ. ಅಂಥ ಕಣ್ಣಿನ ನಾಯಿಗೇ ನಮ್ಮ ಅಜ್ಜಂದಿರ ಅಜ್ಜಂದಿರು ಎರಡು ತುತ್ತು ಹೆಚ್ಚು ಹಾಕಿದ್ದಿರಬೇಕು. ಕ್ಯಾಮೆರಾ ಹುಟ್ಟುವುದಕ್ಕೆ ಸಾವಿರಾರು ವರ್ಷ ಮೊದಲೇ ಕ್ಲೋಸಪ್‌ಗೆ ತಯಾರಾದ ಮುಖ ಅದು.

ಆದರೆ ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಹಾರ್ಮೋನೂ ಅಲ್ಲ, ಸ್ನಾಯುವೂ ಅಲ್ಲ, ಒಂದು ಗೋರಿ.

1914ರಲ್ಲಿ ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಅನ್ನುವಲ್ಲಿ ಕಲ್ಲುಗಣಿಯ ಕೆಲಸದವರಿಗೆ ಒಂದು ಹಳೆಯ ಗೋರಿ ಸಿಕ್ಕಿತು. ಅದರಲ್ಲಿ ಒಬ್ಬ ಗಂಡಸು, ಒಬ್ಬಳು ಹೆಂಗಸು, ಜೊತೆಗೆ ಒಂದು ನಾಯಿಯ ಎಲುಬುಗಳು. ಸುಮಾರು 14,000 ವರ್ಷ ಹಳೆಯದು. ನೂರು ವರ್ಷದ ಮೇಲೆ, 2018ರಲ್ಲಿ, ಆ ನಾಯಿಯ ಹಲ್ಲುಗಳನ್ನು ಮತ್ತೆ ಪರೀಕ್ಷಿಸಿದಾಗ ಗೊತ್ತಾದದ್ದು ಇದು: ಅದು ಸತ್ತಾಗ ಸುಮಾರು ಏಳು ತಿಂಗಳ ಮರಿ. ನಾಲ್ಕೂವರೆ ತಿಂಗಳ ಹೊತ್ತಿಗೆ ಅದಕ್ಕೆ ಡಿಸ್ಟೆಂಪರ್ ಬಡಿದಿತ್ತು. ಹಲ್ಲಿನ ಎನಾಮೆಲ್ ಮೇಲೆ ಆ ಕಾಯಿಲೆಯ ಗುರುತು ಹಾಗೇ ಉಳಿದಿದೆ.

ಡಿಸ್ಟೆಂಪರ್ ಬಂದ ಮರಿಯನ್ನು ನೋಡಿದವರಿಗೆ ಇದರ ಅರ್ಥ ಗೊತ್ತು. ಮೈ ಕೆಂಡದಂತೆ ಸುಡುತ್ತದೆ, ಕಣ್ಣು ಕೀವುಗಟ್ಟುತ್ತದೆ, ಕುಡಿದ ನೀರೂ ವಾಂತಿಯಾಗುತ್ತದೆ, ಭೇದಿ ನಿಲ್ಲುವುದಿಲ್ಲ. ಈಗಲೂ ಬಹಳ ಮರಿಗಳು ಉಳಿಯುವುದಿಲ್ಲ. ಆ ಮರಿ ಅಂಥ ಕಾಯಿಲೆ ಬಂದ ಮೇಲೂ ವಾರಗಟ್ಟಲೆ ಬದುಕಿತ್ತು. ತನ್ನಷ್ಟಕ್ಕೆ ಬಿಟ್ಟಿದ್ದರೆ ಸಾಧ್ಯವೇ ಇರಲಿಲ್ಲ, ಯಾರೋ ಅದನ್ನು ಬೆಚ್ಚಗಿಟ್ಟು, ನೀರು ಕುಡಿಸಿ, ಹೊಲಸು ಒರೆಸಿ ನೋಡಿಕೊಂಡಿರಲೇಬೇಕು ಅನ್ನುತ್ತಾರೆ ಅಧ್ಯಯನ ಮಾಡಿದವರು. ಆ ಹೊತ್ತಿನಲ್ಲಿ ಅದರಿಂದ ಬೇಟೆಗೂ ಕಾವಲಿಗೂ ಮೂರುಕಾಸಿನ ಪ್ರಯೋಜನವಿರಲಿಲ್ಲ. ಹಿಮಯುಗದ ಕೊನೆಯ ಚಳಿಯಲ್ಲಿ, ಒಲೆ ಪಕ್ಕದಲ್ಲಿ, ಯಾರೋ ಒಬ್ಬರು ನಡುರಾತ್ರಿ ಎದ್ದು ನಾಯಿಮರಿಯ ವಾಂತಿ ಒರೆಸಿದ್ದಾರೆ. ಗಂಡಸೋ ಹೆಂಗಸೋ ಗೊತ್ತಿಲ್ಲ. ಜೊತೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರೋ ಅಲ್ಲವೋ ಅದೂ ಗೊತ್ತಿಲ್ಲ.

ರಜೆಯ ಸಿನಿಮಾಗಳಲ್ಲಿ ಈ ಭಾಗ ಇರುವುದಿಲ್ಲ. ಅಥವಾ ಇದ್ದರೂ ಒಂದೂವರೆ ನಿಮಿಷದ ಹಾಡಿನೊಳಗೆ ಮುಗಿದುಹೋಗುತ್ತದೆ: ಸ್ನಾನ ಮಾಡಿಸಿದರು, ನೊರೆ ಹಾರಿತು, ಎಲ್ಲರೂ ನಕ್ಕರು. ನಾಯಿ ಮನೆಗೆ ಬರುವುದು ಕತೆ, ಕಳೆದುಹೋಗುವುದು ಕತೆ, ಸಿಗುವುದು ಕತೆ. ನಡುವಿನ ನಾಲ್ಕು ಸಾವಿರ ಬೆಳಗುಗಳು ಕತೆಯಲ್ಲ. ಬೆಳಗಿನ ಐದೂವರೆಗೆ, ಕಣ್ಣಲ್ಲಿ ನಿದ್ದೆ ಇನ್ನೂ ಇರುವಾಗ, ಬೆಲ್ಟು ಕಟ್ಟಿಕೊಂಡು ಮಳೆಯಲ್ಲಿ ಹೊರಗೆ ಹೋಗಿ, ಅದು ನೂರು ಕಡೆ ಮೂಸಿ ಕೊನೆಗೆ ಒಂದು ಕಡೆ ಕಾಲೆತ್ತುವವರೆಗೆ ನಿಂತಿರುವುದನ್ನು ಯಾವ ನಿರ್ದೇಶಕ ತಾನೇ ತೆಗೆದಾನು.

ತೆಗೆಯದೇ ಬಿಟ್ಟದ್ದಕ್ಕೆ ಒಂದು ಬೆಲೆಯೂ ಇದೆ. ನಾಯಿಗಳು ಮುಖ್ಯಪಾತ್ರದಲ್ಲಿದ್ದ 87 ಅಮೆರಿಕನ್ ಚಿತ್ರಗಳನ್ನು ಇಟ್ಟುಕೊಂಡು 2014ರಲ್ಲಿ ಸಂಶೋಧಕರು ತಳಿಗಳ ನೋಂದಣಿ ದಾಖಲೆಯ ಜೊತೆ ಹೋಲಿಸಿ ನೋಡಿದರು. ಒಂದು ಚಿತ್ರ ಗೆದ್ದರೆ ಅದರಲ್ಲಿದ್ದ ತಳಿಯ ಬೇಡಿಕೆ ಹತ್ತು ವರ್ಷದವರೆಗೂ ಏರಿಯೇ ಇರುತ್ತಿತ್ತು. ಜನ ಸಿನಿಮಾ ನೋಡಿ ಆ ಮುಖವನ್ನು ಮನೆಗೆ ತಂದರು. ಮುಖದ ಹಿಂದಿನ ಸ್ವಭಾವ, ಓಟದ ಹುಚ್ಚು, ಉದುರುವ ಕೂದಲು ಇವೆಲ್ಲ ಆಮೇಲೆ ಗೊತ್ತಾದವು. ಬ್ರಿಟನ್ನಿನ ಒಂದು ನಾಯಿ ರಕ್ಷಣಾ ಸಂಸ್ಥೆ 1978ರಲ್ಲೇ ನಾಯಿಯೆಂದರೆ ಜೀವಮಾನದ್ದು, ಬರೀ ಕ್ರಿಸ್‌ಮಸ್‌ಗಲ್ಲ ಅನ್ನುವ ಘೋಷಣೆ ಹೊರಡಿಸಿತ್ತು. ಇಷ್ಟು ವರ್ಷವಾದರೂ ಆ ಮಾತು ಹಳತಾಗಿಲ್ಲ.

ನನ್ನದೂ ಅದೇ ಅಭಿಪ್ರಾಯವಾಗಿತ್ತು, ಉಡುಗೊರೆಯಾಗಿ ಜೀವ ಕೊಡುವುದು ಮಹಾಪಾಪ ಅಂತ. ಆದರೆ ಅಮೆರಿಕದ ಪ್ರಾಣಿದಯಾ ಸಂಸ್ಥೆಯೊಂದು 2013ರಲ್ಲಿ ಪ್ರಕಟಿಸಿದ ಸಮೀಕ್ಷೆ ನೋಡಿ ಸ್ವಲ್ಪ ಪೆಚ್ಚಾದೆ. ಉಡುಗೊರೆಯಾಗಿ ಬಂತು ಅನ್ನುವ ಕಾರಣಕ್ಕೆ ಪ್ರಾಣಿಯ ಮೇಲಿನ ಪ್ರೀತಿ ಕಡಿಮೆಯಾಗಲಿಲ್ಲ ಅಂತ ಹೆಚ್ಚುಕಡಿಮೆ ಎಲ್ಲರೂ ಹೇಳಿದ್ದರು, ಬಹುಪಾಲು ಪ್ರಾಣಿಗಳು ಅದೇ ಮನೆಗಳಲ್ಲೇ ಇದ್ದವು. ಅಂದರೆ ಯಾವ ದಿನ, ಯಾವ ರಿಬ್ಬನ್ ಕಟ್ಟಿಕೊಂಡು ಬಂತು ಅನ್ನುವುದರಿಂದ ಹೆಚ್ಚೇನೂ ಆಗುವುದಿಲ್ಲ. ಬಂದ ಮನೆಯಲ್ಲಿ ಐದೂವರೆಗೆ ಏಳುವವರು ಒಬ್ಬರು ಇದ್ದಾರೋ ಇಲ್ಲವೋ, ಅಷ್ಟೇ.

ಹೀಗೆ ಯೋಚಿಸುತ್ತ ನಾನು ಮತ್ತೆ ಆ ಟ್ರೇನರ್ ಹತ್ತಿರ ಬಂದು ನಿಂತೆ. ಹುಡುಗಿಯ ಬಲಗಿವಿಯಿಂದ ಒಂದು ಗೇಣು ಆಚೆ ನಿಂತವನು. ಅವನನ್ನು ಮಾಂಸದ ತುಂಡು ಹಿಡಿದ ಕೈ ಅಂತಷ್ಟೇ ತಿಳಿದು ನಾನು ಬೇಸರಪಟ್ಟುಕೊಂಡಿದ್ದೆ. ಈಗ ಯೋಚಿಸಿದರೆ, ಇಡೀ ಸೆಟ್ಟಿನಲ್ಲಿ ಆ ನಾಯಿಗೆ ಗೊತ್ತಿದ್ದವನು ಅವನೊಬ್ಬನೇ ಇರಬೇಕು. ದೊಡ್ಡ ದೊಡ್ಡ ದೀಪ, ಫ್ಯಾನು, ಸುತ್ತ ಐವತ್ತು ಜನ, ಕಾಲಡಿಯಲ್ಲಿ ಸುಳ್ಳು ಹಿಮ. ಅಷ್ಟರ ನಡುವೆ ಅದು ಹೆದರದೆ ನಿಂತು ಒಂದೇ ಒಂದು ಮುಖವನ್ನು ನೋಡಿತು. ಆ ನೋಟ ನಿಜವಾದದ್ದೇ. ಅದನ್ನು ನಾವು ತಂದು ಬೇರೆಯವರ ಲೆಕ್ಕಕ್ಕೆ ಬರೆದುಕೊಂಡಿದ್ದೇವೆ ಅಷ್ಟೆ. ಮನುಷ್ಯ ಪ್ರಾಣಿಗಳ ಬಾಂಧವ್ಯದ ಸಿನಿಮಾ ಅಂತ ಪೋಸ್ಟರ್ ಮೇಲೆ ಹಾಕಿದ್ದು ಸುಳ್ಳಲ್ಲ, ಬಾಂಧವ್ಯ ಅಲ್ಲೇ ಇತ್ತು, ಕ್ಯಾಮೆರಾ ಬೇರೆ ಕಡೆ ತಿರುಗಿತ್ತು.

ಚೌಕಟ್ಟಿನ ಹೊರಗೆ ನಿಂತವರೆಲ್ಲ ಒಳ್ಳೆಯವರು ಅಂತಲೂ ಅಲ್ಲ. 1939ರ 'ಜೆಸ್ಸಿ ಜೇಮ್ಸ್' ಚಿತ್ರದ ಒಂದು ದೃಶ್ಯಕ್ಕಾಗಿ ಕುದುರೆಯನ್ನು 70 ಅಡಿಗೂ ಎತ್ತರದ ಬಂಡೆಯಂಚಿನಿಂದ ನೀರಿಗೆ ಬೀಳಿಸಿದರು. ಕುದುರೆ ಉಳಿಯಲಿಲ್ಲ. ಜನ ರೊಚ್ಚಿಗೆದ್ದ ಮೇಲೆ, 1940ರಿಂದ, ಹಾಲಿವುಡ್ಡಿನ ಸೆಟ್ಟುಗಳಲ್ಲಿ ಪ್ರಾಣಿಗಳ ಮೇಲೆ ಕಣ್ಣಿಡುವ ಕೆಲಸ ಅಮೆರಿಕನ್ ಹ್ಯೂಮೇನ್ ಸಂಸ್ಥೆಯ ಪಾಲಿಗೆ ಬಂತು. ಯಾವ ಪ್ರಾಣಿಗೂ ಹಾನಿಯಾಗಿಲ್ಲ ಅಂತ ಕೊನೆಯಲ್ಲಿ ಸಣ್ಣಕ್ಷರದಲ್ಲಿ ಓಡುವ ಸಾಲಿನ ಮೂಲ ಅಲ್ಲಿದೆ. ನಾವು ಆ ಸಾಲು ಬರುವ ಮೊದಲೇ ಟಿವಿ ಆರಿಸಿ ಎದ್ದುಬಿಟ್ಟಿರುತ್ತೇವೆ. ಟ್ರೇನರ್ ಹೆಸರು ಬರುವುದೂ ಅಲ್ಲೇ.

ಮರುದಿನ ಮಧ್ಯಾಹ್ನ ಮಗಳು ಶಾಲೆಯ ರಜೆಯ ಬೇಸರದಲ್ಲಿ ಬೀರು ಕೆದಕುತ್ತ ಜಿಮ್ಮಿಯ ಫೋಟೋ ತಂದು ನನ್ನೆದುರು ಹಿಡಿದಳು. ಅವಳ ಮುಖದಲ್ಲಿ ತುಂಟತನವಿತ್ತು.

"ಇದೂ ನಿನ್ನನ್ನ ನೋಡ್ತಿಲ್ಲ."

"ಕ್ಯಾಮೆರಾ ನೋಡ್ತಿದೆ ಕಣೇ."

"ಯಾರಿದ್ರು ಕ್ಯಾಮೆರಾ ಹಿಂದೆ?"

ಅಮ್ಮ. ಬೇರೆ ಯಾರಿರುತ್ತಾರೆ. ಮನೆಯಲ್ಲಿದ್ದ ಒಂದೇ ಕ್ಯಾಮೆರಾ ಅವಳ ಸುಪರ್ದಿಯಲ್ಲಿತ್ತು. ಹಾಗಾಗಿ ನಮ್ಮ ಯಾವ ಫೋಟೋದಲ್ಲೂ ಅವಳಿಲ್ಲ. ಇಷ್ಟು ವರ್ಷ ಅದನ್ನು ನಾನು ಕ್ಯಾಮೆರಾದ ವಿಷಯ ಅಂತಲೇ ತಿಳಿದಿದ್ದೆ.

ಜಿಮ್ಮಿ ನನ್ನ ನಾಯಿ ಅನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬೇಕೇ ಬೇಕು ಅಂತ ಹಟ ಹಿಡಿದವಳು ನಾನು, ಹೆಸರಿಟ್ಟವಳು ನಾನು, ಶಾಲೆಯಲ್ಲಿ ನನ್ನ ಮೆಚ್ಚಿನ ಪ್ರಾಣಿ ಅಂತ ಪ್ರಬಂಧ ಬರೆದವಳೂ ನಾನೇ. ಅದು ಬಂದ ಮೂರನೇ ತಿಂಗಳಿಗೆ ಕಾಯಿಲೆ ಬಿತ್ತು. ಏನು ಕಾಯಿಲೆ ಅಂತ ನನಗೆ ಆಗ ಯಾರೂ ಹೇಳಲಿಲ್ಲ. ಒಂದು ವಾರ ಅದನ್ನು ನೋಡಲು ನನ್ನನ್ನು ಬಿಟ್ಟಿರಲಿಲ್ಲ ಅನ್ನುವುದು ನೆನಪಿದೆ. ರಾತ್ರಿ ಎಚ್ಚರವಾದಾಗ ಹಿಂದಿನ ವರಾಂಡದ ದೀಪ ಉರಿಯುತ್ತಿದ್ದದ್ದು, ಬಕೆಟ್ಟಿಗೆ ನೀರು ಬಿಡುವ ಸದ್ದು, ಹಳೇ ಬಟ್ಟೆ ಹಿಂಡುವ ಸದ್ದು, ಅಮ್ಮ ಯಾರಿಗೋ ಮೆಲ್ಲಗೆ "ಇಷ್ಟೇ ಇಷ್ಟು ಕುಡಿ, ಒಂದೇ ಗುಟುಕು" ಅನ್ನುತ್ತಿದ್ದದ್ದು ನೆನಪಿದೆ. ನಾನು ಮಗ್ಗುಲು ಬದಲಿಸಿ ಮತ್ತೆ ನಿದ್ದೆ ಹೋಗಿದ್ದೇನೆ. ಒಂದು ಬೆಳಿಗ್ಗೆ ಜಿಮ್ಮಿ ಎದ್ದು ಅಂಗಳಕ್ಕೆ ಬಂದು ನಿಂತಿತ್ತು, ಪಕ್ಕೆಲುಬು ಎಣಿಸುವ ಹಾಗೆ, ಬಾಲ ಮಾತ್ರ ಅಲ್ಲಾಡಿಸುತ್ತ. ನಾನು ಕುಣಿದಾಡಿದೆ. ನನ್ನ ಪ್ರಾರ್ಥನೆಯಿಂದಲೇ ವಾಸಿಯಾಯಿತು ಅಂತ ಪ್ರಬಂಧಕ್ಕೆ ಇನ್ನೊಂದು ಪ್ಯಾರಾ ಸೇರಿಸಿದೆ.

ಸಂಜೆ ಅಮ್ಮನಿಗೆ ಫೋನ್ ಮಾಡಿದೆ. ಆ ಮಾತು ಈ ಮಾತು ಆದ ಮೇಲೆ ಕೇಳಿದೆ: "ಅಮ್ಮಾ, ಆ ಅಂಗಳದ ಫೋಟೋದಲ್ಲಿ ಜಿಮ್ಮಿ ನಿನ್ನನ್ನೇ ಎಷ್ಟು ಚೆನ್ನಾಗಿ ನೋಡ್ತಿದೆ ಗೊತ್ತಾ?"

"ನೋಡದೆ ಏನು. ಕೈಲಿ ಬಿಸ್ಕತ್ತು ಇಟ್ಕೊಂಡಿದ್ನಲ್ಲ."

"ಅಷ್ಟೇನಾ?"

"ಮತ್ತಿನ್ನೇನಿರುತ್ತೆ? ಇಲ್ದಿದ್ರೆ ಅದು ಒಂದು ಕಡೆ ಕೂರ್ತಿತ್ತಾ. ನೀನೂ ಕೂರ್ತಿರಲಿಲ್ಲ, ನಿನಗೂ ಒಂದು ಕೊಡ್ತೀನಿ ಅಂದಿದ್ದೆ."

ಕುಲೆಶೋವ್‌ನನ್ನೂ ಹೊರೊವಿಟ್ಜರನ್ನೂ ಓದದೆಯೇ ಅಮ್ಮ ಎರಡು ಸಾಲಿನಲ್ಲಿ ಮುಗಿಸಿದಳು. ಆ ಕಾಯಿಲೆಯ ವಾರದ ಬಗ್ಗೆ ಕೇಳಿದರೆ "ಹೂಂ, ಪಾಪ, ಬಹಳ ಕಷ್ಟಪಟ್ಟಿತು" ಅಂದಳು. ಕಷ್ಟಪಟ್ಟದ್ದು ನಾಯಿ. ತಾನು ಅಂತ ಅವಳಿಗೆ ಹೊಳೆಯಲೂ ಇಲ್ಲ. ಆಮೇಲೆ ಮೊಮ್ಮಗಳ ಕೆಮ್ಮು ವಾಸಿಯಾಯಿತಾ ಅಂತ ಕೇಳಿದಳು, ರಾತ್ರಿ ಎದೆಗೆ ಬಟ್ಟೆ ಹೊದಿಸು ಅಂದಳು, ಫೋನ್ ಇಟ್ಟಳು.

ನಾನು ಬಂದು ಕೂತಾಗ ಮಗಳು ಕಿಟಕಿಯ ಬೆಳಕಿಗೆ ಫೋಟೋ ಹಿಡಿದುಕೊಂಡು, ಮೂಗು ತಾಗುವಷ್ಟು ಹತ್ತಿರದಿಂದ ನೋಡುತ್ತಿದ್ದಳು. ಇವಳ ಕಣ್ಣಿನದ್ದೇ ಒಂದು ಕಾಟ.

"ಅಜ್ಜಿ ಇದಾರೆ ಇದರಲ್ಲಿ."

"ಇಲ್ಲ ಪುಟ್ಟಿ, ಅಜ್ಜಿ ಫೋಟೋ ತೆಗೀತಿದ್ರು."

"ಇದಾರೆ. ಇಲ್ಲಿ ನೋಡು."

ಫೋಟೋದ ಕೆಳತುದಿಯಲ್ಲಿ ಅವಳ ಬೆರಳಿತ್ತು. ಅಂಗಳದ ಮಣ್ಣಿನ ಮೇಲೆ ಒಂದು ಉದ್ದನೆಯ ನೆರಳು. ಸಂಜೆಬಿಸಿಲಿಗೆ ಬೆನ್ನು ಮಾಡಿ ನಿಂತವರದ್ದು. ಒಂದು ಮೊಣಕೈ ಮಡಚಿ ಕಣ್ಣ ಹತ್ತಿರ ಕ್ಯಾಮೆರಾ ಹಿಡಿದಿದೆ. ಇನ್ನೊಂದು ಕೈ ತಲೆಗಿಂತ ಮೇಲಕ್ಕೆ ಎತ್ತಿದೆ, ಬೆರಳ ತುದಿಯಲ್ಲಿ ಏನೋ ಚೌಕನೆಯದು. ಆ ನೆರಳಿನ ತಲೆ ಬಂದು ಬಿದ್ದಿರುವುದು ಜಿಮ್ಮಿಯ ಎರಡು ಮುಂಗಾಲುಗಳ ನಡುವೆ.